ಮಡಿಯೊಳಗಿನ ಬಾಯ್ಲರ್

ನನ್ನ ಸೋದರಮಾವ ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂರುವುದು ಒಂದೇ ಜಾಗದಲ್ಲಿ. ಎದುರಿಗೆ ಅನ್ನದ ಕೊಪ್ಪರಿಗೆಗಳ ಸಾಲು, ಬೆನ್ನ ಹಿಂದೆ ಬಾಯ್ಲರಿನ ಬೆಂಕಿಬಾಗಿಲು. ಚಳಿಯಲ್ಲಿ ಅದು ಸುಖ, ಬೇಸಿಗೆಯಲ್ಲಿ ಶಿಕ್ಷೆ. ಆದರೂ ಜಾಗ ಬದಲಿಸುವ ಮನುಷ್ಯರಲ್ಲ. ಅಲ್ಲಿ ಕೂತರೆ ಯಾವ ಕೊಪ್ಪರಿಗೆಯಲ್ಲಿ ಅನ್ನ ಕುದಿ ಹಿಡಿಯಿತು ಎಂಬುದು ಕಿವಿಗೇ ಗೊತ್ತಾಗುತ್ತದಂತೆ. ಬಾಯ್ಲರ್ ಪರೀಕ್ಷೆ ಮಾಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿರುವ ನನಗೆ ಆ ಬೆನ್ನು ಕಂಡಾಗಲೆಲ್ಲ ಸಂಕಟ. ಬಾಯ್ಲರ್ ಅಂದರೆ ಏನು ಮಹಾ? ಬಾಯಿ ಬಿಗಿದ ಹಂಡೆ. ಒಂದು ಕಡೆ ಬೆಂಕಿ, ಇನ್ನೊಂದು ಕಡೆ ನೀರು, ನಡುವೆ ಒಂದು ಕಬ್ಬಿಣದ ತಗಡು. ಆ ತಗಡು ಸೋತರೆ ಎದುರಿಗಿದ್ದವರಿಗೆ ಓಡುವ ವ್ಯವಧಾನವೂ ಸಿಗುವುದಿಲ್ಲ.

ಇದು ಮಂತ್ರಾಲಯದ ಒಂದು ಖಾಸಗಿ ಛತ್ರದ ಮಾತು. ಹೆಸರು ಬೇಡ. ಯಾತ್ರಿಕರಿಗೆ ಎರಡು ಹೊತ್ತು ಊಟ ಹಾಕುವ ಛತ್ರ. ಮಾಮ ಅಲ್ಲಿಯ ಮುಖ್ಯ ಅಡಿಗೆಯವರು. ಆದೋನಿಯ ಎಣ್ಣೆ ಮಿಲ್ಲುಗಳ ಕಡೆಯಿಂದ ಶೇಂಗಾ ಹೊಟ್ಟನ್ನು ಒತ್ತಿ ಮಾಡಿದ ಇಟ್ಟಿಗೆಗಳು ಬರುತ್ತವೆ, ಅವೇ ಒಲೆಗೆ ಉರುವಲು. ಬಾಯ್ಲರಿನಲ್ಲಿ ಹುಟ್ಟಿದ ಆವಿ ಕೊಳವೆಯಲ್ಲಿ ಹೋಗಿ ನೇರ ಕೊಪ್ಪರಿಗೆಯೊಳಕ್ಕೆ ಇಳಿಯುತ್ತದೆ, ಅನ್ನ ಬೇಯುತ್ತದೆ. ಹೊಗೆ ಇಲ್ಲ, ತಳ ಹಿಡಿಯುವ ಭಯ ಇಲ್ಲ. ಮಾಮನಿಗೆ ಅದೊಂದು ದೊಡ್ಡ ಹೆಮ್ಮೆ.

ಮೊದಲೆಲ್ಲ ವರ್ಷಕ್ಕೊಮ್ಮೆ ಸರ್ಕಾರದ ಬಾಯ್ಲರ್ ಇನ್ಸ್‌ಪೆಕ್ಟರು ಬಂದು, ತೆರೆಸಿ, ನೋಡಿ ಸರ್ಟಿಫಿಕೇಟು ಕೊಡಬೇಕಿತ್ತು. ಆಮೇಲೆ ಸರ್ಕಾರ ಕೈ ಸಡಿಲಿಸಿತು. ಉದ್ಯಮದವರಿಗೆ ಸುಲಭವಾಗಲಿ, ಇಲಾಖೆಯವರು ಪದೇಪದೇ ಬಾಗಿಲು ತಟ್ಟುವುದು ಬೇಡ, ಪರವಾನಗಿ ಇರುವ ಖಾಸಗಿ ಪರೀಕ್ಷಕರು ನೋಡಿ ಬರೆದುಕೊಟ್ಟರೂ ನಡೆಯುತ್ತದೆ ಎಂದಾಯಿತು. ನಾನು ಅದಕ್ಕೆ ಮನಸಾರೆ ಹೂಂ ಅಂದವನು. ಈಗಲೂ ಪೂರ್ತಿ ಉಲ್ಟಾ ಹೊಡೆದಿಲ್ಲ. ಒಂದು ಸಹಿಗಾಗಿ ಮಿಲ್ಲು ನಿಲ್ಲಿಸಿಕೊಂಡು ಕಚೇರಿಯ ಬೆಂಚು ಸವೆಸಿದವರನ್ನು ಕಣ್ಣಾರೆ ಕಂಡಿದ್ದೇನೆ. ಸರ್ಕಾರ ಎಲ್ಲದಕ್ಕೂ ಮೂಗು ತೂರಿಸಿದರೆ ಮನುಷ್ಯ ಕೆಲಸ ಮಾಡುವುದು ಯಾವಾಗ? ಆ ಪರವಾನಗಿ ಪಡೆದುಕೊಂಡೇ ನಾನು ಆದೋನಿಯಲ್ಲಿ ಅನ್ನ ಹುಟ್ಟಿಸಿಕೊಳ್ಳುತ್ತಿರುವುದು.

ಆ ವರ್ಷ ಆಷಾಢದಲ್ಲಿ ಛತ್ರದ ಮ್ಯಾನೇಜರು ಫೋನ್ ಮಾಡಿದರು. ಒಳ್ಳೆಯವರು, ಆದರೆ ಪ್ರತಿಯೊಂದರ ಬಗ್ಗೆಯೂ ಮುಗಿದ ಕೆಲಸದ ಹಾಗೆ ಮಾತಾಡುವ ಚಟ.

"ಇನ್ನೇನ್ರಿ, ಸರ್ಕಾರದ ಕಾಟ ತಪ್ಪಿತು. ಮನಿಯವರು ನೀವ ಇದ್ದೀರಿ. ಶ್ರಾವಣದ ಆರಾಧನಿಗಿಂತ ಮೊದಲ ಹಳೇ ಸರ್ಟಿಫಿಕೇಟು ಮುಗೀತದ. ಬಂದು ಒಂದು ಸಹಿ ಒಗದು, ಊಟ ಮಾಡಿಕೊಂಡು ಹೋಗ್ರಿ" ಎಂದರು.

ನಾನೂ ಅಷ್ಟೇ ಹಗುರಾಗಿ ಹೊರಟೆ. ಮಾಮನ ಕೈಯ ಸಾರು ಉಂಡು ಬಹಳ ದಿನವಾಗಿತ್ತು.

ಅಡಿಗೆಮನೆಯ ಬಾಗಿಲಲ್ಲಿ ಒಂದು ಕಲ್ಲಿನ ಹೊಸ್ತಿಲು. ಅದರಾಚೆ ಮಡಿ. ಸ್ನಾನ ಮಾಡಿ, ಹಿಂಡಿ ಒಣಗಿಸಿದ ಪಂಚೆ ಉಟ್ಟವರಿಗೆ ಮಾತ್ರ ಪ್ರವೇಶ. ಬಾಯ್ಲರು ಆ ಮಡಿಯ ಒಳಗೇ ಇದೆ, ಅಡಿಗೆಮನೆಯ ಹಿಂಭಾಗದಲ್ಲಿ. ನಾನು ಬೂಟು ಬಿಚ್ಚಿ ಹೊಸ್ತಿಲ ಈಚೆ ನಿಂತೇ ನೋಡಿದೆ. ನೀರಿನ ಮಟ್ಟ ತೋರಿಸುವ ಗಾಜು ಸ್ವಚ್ಛ. ಒತ್ತಡದ ಮುಳ್ಳು ಇರಬೇಕಾದಲ್ಲಿ ಇತ್ತು. ಸೇಫ್ಟಿ ವಾಲ್ವಿನ ಹಿಡಿಕೆ ಎತ್ತಿಸಿದೆ, ಬುಸ್ಸೆಂದು ಆವಿ ಬಿಟ್ಟಿತು. ಮೈಯೆಲ್ಲ ಬೆಳ್ಳಿಬಣ್ಣ, ಹಣೆಗೆ ಕುಂಕುಮ. ಹೊರಗಿನಿಂದ ನೋಡಿದರೆ ಮದುವೆಗೆ ಹೊರಟ ಹಾಗಿತ್ತು.

ಕೊನೆಗೆ ಉಳಿದದ್ದು ನೀರು. ಬಾಯ್ಲರಿಗೆ ಹೋಗುವ ನೀರನ್ನು ಒಂದು ಗಾಜಿನ ಕೊಳವೆಯಲ್ಲಿ ಹಿಡಿಸಿ ತರಿಸಿ, ಬಣ್ಣದ ಹನಿ ಬಿಟ್ಟೆ. ನೀರು ಮೆದುವಾಗಿದ್ದರೆ ನೀಲಿ ಬರಬೇಕು. ಬಂದದ್ದು ದಾಳಿಂಬೆ ರಸದಂಥ ಕೆಂಪು. ಅಂದರೆ ಬಾವಿಯ ಗಡಸು ನೀರು ಗಡಸಾಗಿಯೇ ಒಳಗೆ ಹೋಗುತ್ತಿದೆ. ಗಡಸು ನೀರು ಕಾಯಿಸಿದರೆ ಏನಾಗುತ್ತದೆ ಎಂದು ನಮ್ಮ ಕಡೆ ಬಚ್ಚಲ ಹಂಡೆಯ ತಳ ಕೆರೆದವರಿಗೆಲ್ಲ ಗೊತ್ತು. ಬಿಳಿಯ ಸುಣ್ಣದಂಥ ಗಷ್ಟು ಪದರ ಪದರವಾಗಿ ಕೂರುತ್ತದೆ. ಹಂಡೆಯಲ್ಲಾದರೆ ನೀರು ಕಾಯುವುದು ತಡವಾಗುತ್ತದೆ, ಅಷ್ಟೇ. ಬಾಯ್ಲರಿನಲ್ಲಿ ಆ ಗಷ್ಟು ತಗಡಿಗೂ ನೀರಿಗೂ ನಡುವೆ ಗೋಡೆಯಾಗುತ್ತದೆ. ಬೆಂಕಿಯ ಕಾವು ನೀರಿಗೆ ದಾಟದೆ ತಗಡಿನಲ್ಲೇ ನಿಂತು, ತಗಡು ಕೆಂಪಗೆ ಕಾದು ಮೆತ್ತಗಾಗುತ್ತದೆ. ಅದರಲ್ಲೂ ಇಲ್ಲಿ ಆವಿಯೆಲ್ಲ ಅನ್ನದಲ್ಲೇ ಮುಗಿದುಹೋಗುವುದರಿಂದ ದಿನಾ ಹೊಸ ನೀರು, ದಿನಾ ಹೊಸ ಗಷ್ಟು.

ಇದು ಆಗಬಾರದೆಂದೇ ಅಲ್ಲಿ ನೀರು ಮೆದು ಮಾಡುವ ಪೀಪಾಯಿ ಇತ್ತು. ನೀರು ಬರುವ ಕೊಳವೆಯನ್ನು ಕಣ್ಣಿನಲ್ಲೇ ಹಿಂಬಾಲಿಸಿದೆ. ಪೀಪಾಯಿಯ ವಾಲ್ವು ಬಂದಾಗಿತ್ತು. ಪಕ್ಕದ ಅಡ್ಡಹಾದಿಯ ವಾಲ್ವು ತೆರೆದಿತ್ತು. ನೀರು ಪೀಪಾಯಿಯ ಮುಖವನ್ನೂ ನೋಡದೆ ನೇರ ಬಾಯ್ಲರಿಗೆ ಹೋಗುತ್ತಿತ್ತು.

"ಮಾಮಾ, ಈ ವಾಲ್ವ್ ಯಾರು ತಿರುವಿದ್ದು?"

"ನಾನ. ಯಾಕ?" ಮಾಮ ಮಣೆಯ ಮೇಲಿಂದ ಏಳಲೂ ಇಲ್ಲ.

"ಯಾವಾಗಿಂದ?"

"ಇನ್ಸ್‌ಪೆಕ್ಟರ್ ಸಾಹೇಬರು ಬರೂದು ನಿಂತ ಮ್ಯಾಲೆ. ಅವರಿದ್ದಾಗ ಅವರ ಭಯಕ್ಕ ಬಿಟ್ಟಿದ್ದೆ. ಮನಸ್ಸಿಗೆ ಮಾತ್ರ ಎಂದೂ ಸಮಾಧಾನ ಇರಲಿಲ್ಲಪಾ. ಅದಕ್ಕ ಉಪ್ಪು ಹಾಕ್ತಾರ, ಗೊತ್ತದಲ್ಲ ನಿನಗ?"

ಗೊತ್ತಿತ್ತು. ಪೀಪಾಯಿಯೊಳಗಿನ ಹರಳುಗಳು ಸುಣ್ಣ ಹೀರಿ ಹೀರಿ ಸುಸ್ತಾದಾಗ ಉಪ್ಪುನೀರಿನಿಂದ ತೊಳೆಯಬೇಕು, ಆಗ ಮತ್ತೆ ಚುರುಕಾಗುತ್ತವೆ. ಇನ್ನೊಂದೂ ಗೊತ್ತಿತ್ತು. ನಮ್ಮ ಮನೆತನಗಳ ಲೆಕ್ಕದಲ್ಲಿ ಉಪ್ಪು ಬಿದ್ದ ಅಡಿಗೆ ಮುಸುರೆ. ಮುಸುರೆ ಮುಟ್ಟಿದ ಕೈ ತೊಳೆಯದೆ ಹಾಲು ಮೊಸರು ಮುಟ್ಟುವ ಹಾಗಿಲ್ಲ. ನನ್ನ ತಾಯಿ ಈಗಲೂ ಅದನ್ನು ಬಿಟ್ಟಿಲ್ಲ.

"ಉಪ್ಪು ತೊಳದು ಹೊರಗ ಹೋಗ್ತದ ಮಾಮಾ. ಆಮ್ಯಾಲೆ ಬರೂ ನೀರಿನಾಗ ಉಪ್ಪು ಇರಂಗಿಲ್ಲ."

"ಮುಸುರಿ ಸೌಟು ತೊಳದು ಹಾಲಿನ ಪಾತ್ರಿಯೊಳಗ ಅದ್ದತೀಯೇನು ನೀನು? ಉಪ್ಪಿನ ಪೀಪಾಯಿಯೊಳಗಿನ ನೀರು, ಅದರ ಆವಿ, ಅದು ನೇರ ಅನ್ನದೊಳಗ. ದೇವರಿಗೆ ನೈವೇದ್ಯ ಇಡೂ ಅನ್ನ ಅದು. ನೀನ ಹೇಳು."

ಮಾಮ ಸೋಮಾರಿತನಕ್ಕೆ ಮಾಡಿದ್ದರೆ ಜಗಳವಾಡಬಹುದಿತ್ತು. ದುಡ್ಡಿನಾಸೆಗೆ ಮಾಡಿದ್ದರೆ ಬೈಯಬಹುದಿತ್ತು. ಭಕ್ತಿಯಿಂದ ಮಾಡಿದ್ದರು. ಅದೂ ತಾವೇ ಬೆನ್ನು ಕೊಟ್ಟು ಕೂರುವ ಯಂತ್ರಕ್ಕೆ.

"ಆತು. ಹಂಗಾದ್ರ ಒಳಗ ತಗದು ನೋಡಬೇಕು. ಬರೂ ಏಕಾದಶಿ ದಿನ ತಗಸ್ರಿ" ಅಂದೆ.

ಏಕಾದಶಿಗೆ ಅಲ್ಲಿ ಅನ್ನ ಬೇಯಿಸುವುದಿಲ್ಲ, ಬಾಯ್ಲರು ತಣ್ಣಗಿರುತ್ತದೆ. ಹಳೆಯ ಇನ್ಸ್‌ಪೆಕ್ಟರು ಪಂಚಾಂಗ ನೋಡಿಯೇ ಬರುತ್ತಿದ್ದರು. ದಶಮಿಯ ಸಂಜೆ ಬೆಂಕಿ ಆರಿಸುವುದು, ಏಕಾದಶಿ ತೆರೆದು ನೋಡಿ ಮುಚ್ಚುವುದು, ದ್ವಾದಶಿಯ ಬೆಳಗಿನ ಪಾರಣೆಗೆ ಮತ್ತೆ ಹೊತ್ತಿಸುವುದು. ಸರ್ಕಾರಿ ಕಾನೂನಿಗೂ ವೈಷ್ಣವರ ಉಪವಾಸಕ್ಕೂ ಅಷ್ಟು ಚೆಂದದ ಒಪ್ಪಂದ ನಾನು ಇನ್ನೆಲ್ಲೂ ಕಂಡಿಲ್ಲ.

ಮಾಮ ತಲೆ ಅಲ್ಲಾಡಿಸಿದರು. "ಒಳಗ ಇಳಿಯೋರು ಯಾರು? ನೀನು? ಆ ಚರ್ಮದ ಬೂಟು ಹಾಕ್ಕೊಂಡು?"

"ಸಾಹೇಬರು ಬೂಟು ಹಾಕ್ಕೊಂಡ ಬರ್ತಿದ್ರಲ್ಲ?"

"ಅವರು ಸರ್ಕಾರ. ಸರ್ಕಾರಕ್ಕ ಮಡಿ ಎಲ್ಲಿಂದ ಬರಬೇಕು, ಮೈಲಿಗಿ ಎಲ್ಲಿಂದ ಬರಬೇಕು? ಬಂದ್ರು, ನೋಡಿದ್ರು, ಹೋದ್ರು. ನಾವು ನೆಲ ತೊಳಕೊಂಡ್ವಿ. ನೀ ಸರ್ಕಾರ ಅಲ್ಲಲ್ಲೋ. ನೀ ನಮ್ಮ ಅಕ್ಕನ ಮಗ."

ಮ್ಯಾನೇಜರು ನಗುತ್ತ ನಡುವೆ ಬಂದರು. "ಯಾಕ ಇಷ್ಟು ತ್ರಾಸು ತೊಗೋತೀರಿ? ಹೈದರಾಬಾದಿನಾಗ ಒಬ್ಬಾಂವ ಇದ್ದಾನ. ಫೋನಿನಾಗ ನಾಕು ಫೋಟೋ ಕಳಿಸಿದ್ರ ಸಾಕಂತ. ನೀವು ನಮ್ಮವರು ಅಂತ ಮೊದಲ ನಿಮಗ ಹೇಳಿದ್ವಿ."

ಊಟ ಮಾಡಿದೆ. ಸಾರು ಎಂದಿನಂತೆ ಚೆನ್ನಾಗಿತ್ತು. ಎರಡನೇ ಸಲ ಹಾಕಿಸಿಕೊಳ್ಳದೆ ಎದ್ದೆ.

ಮಾರನೆಯ ದಿನ ಕರ್ನೂಲಿನ ಕಚೇರಿಗೆ ಹೋದೆ. ಸರ್ಕಾರ ದೂರವಿರಲಿ ಎಂದು ವಾದಿಸುತ್ತಿದ್ದವನೇ ಸರ್ಕಾರ ಎಲ್ಲಿದೆ ಎಂದು ಹುಡುಕಿಕೊಂಡು ಬಸ್ಸು ಹತ್ತಿದ್ದೆ. ನನಗೇ ನಗು ಬಂತು. ಅಲ್ಲಿಯ ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವರು, ಮರ್ಯಾದೆಯಿಂದ ಕುರ್ಚಿ ಕೊಟ್ಟರು. ಪೂರ್ತಿ ಕೇಳಿಸಿಕೊಂಡು ತೆಲುಗಿನಲ್ಲಿ, "ಇಪ್ಪುಡು ಅದಿ ಮಾ ಚೇತುಲ್ಲೋ ಲೇದು ಸಾರ್. ಮೀರೇ ಕದಾ ಚೂಡಾಲಿ" ಅಂದರು. ನಮ್ಮ ಕೈಯಲ್ಲಿಲ್ಲ, ನೋಡಬೇಕಾದವರು ನೀವೇ ಅಲ್ಲವೇ ಎಂದು. ತಪ್ಪೇನೂ ಹೇಳಲಿಲ್ಲ. ಏನಾದರೂ ಅನಾಹುತವಾದರೆ ಎಂದು ಕೇಳಿದೆ.

"ಅಪ್ಪುಡು ಮೇಮು ವಸ್ತಾಂ ಸಾರ್" ಅಂದರು. ಆಗ ನಾವು ಬರುತ್ತೇವೆ.

ಅವರ ಮೇಲೆ ಸಿಟ್ಟು ಬರಲಿಲ್ಲ. ಆದರೆ ವಾಪಸು ಬರುವಾಗ ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿ. ಬಸ್ಸು ಪತ್ತಿಕೊಂಡ ಊರು ದಾಟುವ ಹೊತ್ತಿಗೆ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಸಹಿ ಹಾಕದೆ ದೂರ ಉಳಿದರೆ ನನ್ನ ಕೈ ಸ್ವಚ್ಛ. ಹೈದರಾಬಾದಿನವನು ಹಾಕುತ್ತಾನೆ. ಮಾಮ ಮಾತ್ರ ಅದೇ ಮಣೆಯ ಮೇಲೆ.

ಆದೋನಿಯಲ್ಲಿ ಇಳಿದು ಮನೆಗೆ ಹೋಗದೆ ಹಳೆಯ ಇನ್ಸ್‌ಪೆಕ್ಟರ ಮನೆಗೆ ಹೋದೆ. ಆದೋನಿಯದೇ ಮುಸ್ಲಿಂ ಮನೆತನ. ನಿವೃತ್ತಿಯಾಗಿ ಅಂಗಳದಲ್ಲಿ ಮಲ್ಲಿಗೆ ಬೆಳೆಸಿಕೊಂಡಿದ್ದರು. ಎಲ್ಲರಿಗೂ ಸಾಹೇಬರು, ನನಗೂ ಅಷ್ಟೇ.

"ಅರೆ, ಆವೋ ಆವೋ! ಏನ್ ಮುಖಾ ಇಷ್ಟು ಸಣ್ದಾಗೈತಿ?" ಎಂದು ಚಹಾ ತರಿಸಿದರು.

ಎಲ್ಲ ಹೇಳಿದೆ. ಉಪ್ಪಿನ ಮಾತು ಬಂದಾಗ ತೊಡೆ ತಟ್ಟಿಕೊಂಡು ನಕ್ಕರು. "ನಂಗ ಡೌಟ್ ಇತ್ತು. ನಾ ಹೋದಾಗೆಲ್ಲಾ ನಿಮ್ ಮಾಮಾ ಆ ಪೀಪಾಯಿನ ಸವತಿ ನೋಡ್ದಂಗ ನೋಡತಿದ್ರು."

ಆಮೇಲೆ ಅವರೇ ಮುಂದುವರಿಸಿದರು. "ನಾ ಬಂದ ಹೋದ ಮ್ಯಾಲೆ ನೆಲಾ ತೊಳೀತಿದ್ರು, ಗೊತ್ತೇನು? ಒಮ್ಮೆ ಛತ್ರಿ ಮರತು ವಾಪಸ್ ಹೋದೆ. ಬಕೆಟ್‌ಲೆ ನೀರು ಸುರೀತಿದ್ರು. ನನ್ನ ನೋಡಿ ನಿಮ್ ಮಾಮಾ ನಿಂತಲ್ಲೇ ನಿಂತಬಿಟ್ರು. ಆ ಮುಖಾ ನೋಡಬೇಕಿತ್ತು ನೀವು!"

"ಬೇಜಾರಾಗಲಿಲ್ಲೇನ್ರಿ?"

"ಆತು. ಯಾಕ ಆಗಂಗಿಲ್ಲ? ನಾನೂ ಮನಷ್ಯಾನ ಅಲ್ಲೇನು?" ಎಂದು ಚಹಾದ ಕಪ್ಪು ಕೆಳಗಿಟ್ಟರು. "ಆದ್ರ ಬಾಗಿಲಾ ತಗೀತಿದ್ರಲ್ಲ. ನಂಗ ಬೇಕಾಗಿದ್ದು ಅದ. ಒಳಗ ನೋಡಿ ಬಂದ್ರ ರಾತ್ರಿ ನಿದ್ದಿ ಬರತಿತ್ತು."

"ಈಗ ನಾ ಏನ್ ಮಾಡಲಿ? ನನಗ ಅಧಿಕಾರ ಇಲ್ಲ. ಜಬರದಸ್ತಿ ಮಾಡಿದ್ರ ಇನ್ನೊಬ್ಬಾಂವನ ಕಡೆ ಹೋಗ್ತಾರ."

"ನೀವು ಸರ್ಕಾರ ಆಗಾಕ ಹೋಗಬ್ಯಾಡ್ರಿ. ಅದು ನಿಮ್ಮ ಕೈಲೆ ಆಗಂಗಿಲ್ಲ. ನೀವು ಆ ಮನಿಯವರಲ್ಲೇನು? ಮನಿಯವರ ಹಂಗ ಹಟಾ ಮಾಡ್ರಿ. ಮನಿಯವರ ಹಟಕ್ಕ ಯಾವ ಕಾನೂನೂ ಸಾಟಿ ಇಲ್ಲ."

ಅವರ ಮನೆಯಿಂದ ಎದ್ದಾಗ ಏನು ಮಾಡಬೇಕೆಂದು ನಿಶ್ಚಯವಾಗಿತ್ತು. ದಶಮಿಯ ದಿನ ಮಧ್ಯಾಹ್ನ ಛತ್ರಕ್ಕೆ ಹೋದೆ. ಬೂಟು ತರಲಿಲ್ಲ. ಚೀಲದಲ್ಲಿ ಒಂದು ಒಗೆದ ಪಂಚೆ, ಟಾರ್ಚು, ತಗಡಿನ ದಪ್ಪ ಅಳೆಯುವ ಮೀಟರು, ಹೆಲ್ಮೆಟ್ಟು. ಊಟದ ಪಂಕ್ತಿ ಮುಗಿದು ಮ್ಯಾನೇಜರೂ ಮಾಮನೂ ಜಗಲಿಯ ಮೇಲೆ ಕೂತಿದ್ದರು.

"ಹೈದರಾಬಾದಿನಾಂವನ ಸಹಿ ಬೇಕಾದ್ರ ತೊಗೋರಿ. ನಾ ಅಡ್ಡ ಬರಂಗಿಲ್ಲ" ಅಂದೆ. "ಆದ್ರ ದ್ವಾದಶಿಯಿಂದ ಮಾಮನ ಮಣಿ ಮ್ಯಾಲೆ ನಾ ಕೂಡತೀನಿ. ದಿನಾ ಬರ್ತೀನಿ. ಮಾಮ ಬಾವಿಕಟ್ಟಿ ಕಡೆ ಕೂತು ಅಲ್ಲಿಂದ ಹೇಳಲಿ, ಅನ್ನ ನೋಡಾಕ ನಾ ಕಲೀತೀನಿ."

ಮ್ಯಾನೇಜರು ತಮಾಷೆ ಎಂದುಕೊಂಡರು. ಮಾಮ ಅಂದುಕೊಳ್ಳಲಿಲ್ಲ.

"ಏ ಹುಚ್ಚ! ಹೆಂಡತಿ ಮಕ್ಕಳು ಇದ್ದಾರ ನಿನಗ. ಹೋಗಿ ಹೋಗಿ ಆ ಬೆಂಕಿ ಬಾಯಿಗೆ ಕೂಡತೀಯಾ?"

"ಯಾಕ ಕೂಡಬಾರದು? ನೀವು ಕೂಡೂದಿಲ್ಲೇನು?"

"ನಾ ಕೂಡೂದು ಬ್ಯಾರೆ! ನನ್ನದು ಆಗಿ ಹೋದ ವಯಸ್ಸು, ನನಗೇನರೆ ಆದ್ರ..."

ಅಲ್ಲಿಗೆ ನಿಲ್ಲಿಸಿದರು. ಬಾಯಿಂದ ಬಿದ್ದ ಮಾತು ಅವರ ಕಿವಿಗೂ ಬಿದ್ದಿತ್ತು. ಸಣ್ಣವನಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ತುಂಗಭದ್ರೆಯ ಮರಳಿನಲ್ಲಿ ನಡೆದ ಮನುಷ್ಯ. ಆ ಜಾಗ ಅಪಾಯದ್ದೆಂದು ಗೊತ್ತಿದ್ದೂ, ತಮ್ಮ ಮಟ್ಟಿಗೆ ಅದನ್ನು ದೇವರ ಲೆಕ್ಕಕ್ಕೆ ಬರೆದು ಕೂತುಬಿಟ್ಟಿದ್ದರು.

"ಮಾಮಾ, ನಾಳೆ ನದಿಯೊಳಗ ಸ್ನಾನ ಮಾಡಿ ಒದ್ದಿ ಪಂಚಿಯೊಳಗ ಬರ್ತೀನಿ. ಉಪವಾಸ ಇರ್ತೀನಿ. ಒಳಗ ನಾನ ಇಳೀತೀನಿ. ಮಡಿಗೆ ಏನೂ ಆಗಂಗಿಲ್ಲ. ಬಾಗಿಲಾ ಒಂದು ತಗಸ್ರಿ."

ಮಾಮ ಬಹಳ ಹೊತ್ತು ಹೊಸ್ತಿಲನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಒಳಗೆ ಹೋಗಿ, ಬೆಂಕಿ ಆರಿಸಲು ತಾವೇ ಹೇಳಿದರು.

ಏಕಾದಶಿಯ ಬೆಳಿಗ್ಗೆ ನದಿಯಲ್ಲಿ ಮುಳುಗಿ ಬಂದೆ. ಈ ಕಸುಬಿನಲ್ಲಿ ಬರಿಗಾಲಿನಲ್ಲಿ, ಪಂಚೆ ಉಟ್ಟು ಬಾಯ್ಲರಿಗೆ ಇಳಿದವನು ನಾನೊಬ್ಬನೇ ಇರಬೇಕು. ಯಾವ ಸುರಕ್ಷಾ ನಿಯಮವೂ ಇದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಮಾಮ ಒಂದು ಹೊಸ ಪಂಚೆಯನ್ನು ನೀರಿನಲ್ಲಿ ಅದ್ದಿ ಉದ್ದುದ್ದ ಹರಿದು, "ಕಾಲಿಗೆ ಸುತ್ತಿಕೋ, ಏನರೆ ಚುಚ್ಚೀತು" ಎಂದು ಕೊಟ್ಟರು. ಹೆಲ್ಮೆಟ್ಟಿನ ವಿಷಯ ಸ್ವಲ್ಪ ಚರ್ಚೆಯಾಯಿತು. ಕೊನೆಗೆ ಅದರ ಮೇಲೆ ನೀರು ಚಿಮುಕಿಸಿ, "ಪ್ಲಾಸ್ಟಿಕ್ಕಿಗೆ ಯಾವ ಶಾಸ್ತ್ರದೊಳಗೂ ಏನೂ ಹೇಳಿಲ್ಲ, ಹಾಕ್ಕೋ" ಎಂದರು.

ಆವಿಯ ವಾಲ್ವಿಗೆ ಬೀಗ ಹಾಕಿಸಿದೆ, ಬೀಗದ ಕೈ ನನ್ನ ಸೊಂಟದಲ್ಲಿ. ನೀರು ಖಾಲಿ ಮಾಡಿಸಿ, ಮೇಲಿನ ಆಳುಬಾಯಿಯ, ಅಂದರೆ ಒಬ್ಬ ಆಳು ತೂರುವಷ್ಟು ಕಂಡಿಯ ಮುಚ್ಚಳದ, ನಟ್ಟುಗಳನ್ನು ಬಿಚ್ಚಿಸಿದೆ. ಬಹಳ ದಿನದಿಂದ ಕದಲಿಸದೆ ಕಚ್ಚಿಕೊಂಡಿದ್ದವು. ಒಂದಂತೂ ಎಣ್ಣೆ ಬಿಟ್ಟು ಕಾದು ಕಾದು ಬಿಚ್ಚಬೇಕಾಯಿತು, ಅಷ್ಟರಲ್ಲಿ ಹೊತ್ತು ನೆತ್ತಿಗೆ ಬಂತು. ಮ್ಯಾನೇಜರು ಗಡಿಯಾರ ನೋಡುತ್ತಲೇ ಇದ್ದರು. ಒಳಗೆ ಗಾಳಿಯಾಡಲೆಂದು ಫ್ಯಾನು ಹಚ್ಚಿಟ್ಟು ಕಾದೆ. ಆಮೇಲೆ ಟಾರ್ಚು ಬಿಟ್ಟು ನೋಡಿದೆ. ಕೊಳವೆಗಳ ಮೇಲೆಲ್ಲ ಬಿಳಿ. ಬೆರಳಿನ ಉಗುರು ಹೂತುಹೋಗುವಷ್ಟಲ್ಲ, ಜೋಳದ ರೊಟ್ಟಿಯಷ್ಟು ದಪ್ಪ. ಸುತ್ತಿಗೆಯಿಂದ ತಟ್ಟಿದರೆ ಕಬ್ಬಿಣದ ದನಿ ಬರಲಿಲ್ಲ, ಗೋಡೆ ತಟ್ಟಿದ ಹಾಗೆ ಮಂಕಾಗಿ ಸದ್ದು ಬಂತು.

ಮುಂದಿನದು ಬೆಂಕಿಯ ಕಡೆ. ಬೆಂಕಿಬಾಗಿಲಿನಿಂದ ಅಂಗಾತ ಮಲಗಿಕೊಂಡೇ ಒಲೆಯ ಸುರಂಗದೊಳಕ್ಕೆ ಜರುಗಿದೆ. ಬೂದಿ, ಮಸಿ, ತೇವದ ಪಂಚೆ. ಮೂಗಿನ ಮೇಲೆಯೇ ಒಲೆಯ ಚಾವಣಿ. ಅದು ಕಮಾನಿನ ಹಾಗೆ ನುಣ್ಣಗೆ ಬಾಗಿರಬೇಕು. ಟಾರ್ಚನ್ನು ಓರೆಯಾಗಿ ಹಿಡಿದಾಗ ನೆರಳು ಬಿತ್ತು. ಒಂದು ಕಡೆ ತಗಡು ಕೆಳಗೆ ಜೋತಿತ್ತು, ತುಂಬು ಬಸುರಿಯ ಹೊಟ್ಟೆಯ ಹಾಗೆ. ತಗಡಿನುದ್ದಕ್ಕೆ ದಾರ ಬಿಗಿಯಾಗಿ ಹಿಡಿದು ನೋಡಿದೆ, ಉಬ್ಬಿದ್ದರಲ್ಲಿ ಅನುಮಾನವೇ ಇರಲಿಲ್ಲ. ಮೀಟರು ಹಚ್ಚಿದೆ, ಅಲ್ಲಿ ತಗಡು ಸೊರಗಿತ್ತು. ತಣ್ಣಗಿದ್ದ ಒಲೆಯೊಳಗೆ ಮಲಗಿ ನಾನು ಬೆವರಿದೆ. ಆ ಉಬ್ಬಿನಿಂದ ಬೆಂಕಿಬಾಗಿಲು ಕೈಯಳತೆಯಲ್ಲಿ. ಬಾಗಿಲಿನಾಚೆ ಮಾಮನ ಮಣೆ ಕಾಣುತ್ತಿತ್ತು.

ಹೊರಗೆ ಬಂದೆ. ಕಣ್ಣು ಬಿಟ್ಟು ಉಳಿದದ್ದೆಲ್ಲ ಕಪ್ಪು. "ಮಾಮಾ, ಬರ್ರಿ. ಕೈ ಹಾಕಿ ನೋಡ್ರಿ" ಅಂದೆ.

ಮಾಮ ಮೊಣಕಾಲೂರಿ ತಲೆ ಒಳಗೆ ಹಾಕಿದರು. ಟಾರ್ಚು ನಾನು ಹಿಡಿದೆ. ಕೈ ಚಾಚಿ ಆ ಉಬ್ಬನ್ನು ಅಂಗೈಯಿಂದ ಮೆಲ್ಲಗೆ ಸವರಿದರು. ಇನ್ನೊಮ್ಮೆ ಸವರಿದರು.

"ತಳ ಹಿಡದ ಕೊಪ್ಪರಿಗಿ ಹಿಂಗ ಉಬ್ಬತದ" ಅಂದರು ಒಳಗಿನಿಂದಲೇ. "ಅನ್ನ ತಳಕ್ಕ ಕಚ್ಚಿಕೊಂಡ್ರ ನೀರು ತಳಾ ಮುಟ್ಟೂದಿಲ್ಲ. ಆಗ ಹಿತ್ತಾಳಿ ಸುಟ್ಟು ಮೆತ್ತಗಾಗತದ."

"ಹೂಂ. ಇಲ್ಲಿ ಸುಣ್ಣ ಕಚ್ಚಿಕೊಂಡದ, ಅಷ್ಟ."

ಮಾಮ ತಲೆ ಹೊರಗೆ ತೆಗೆದರು. ಹಣೆಯ ಮುದ್ರೆಯ ಮೇಲೆ ಮಸಿ ಬಳಿದಿತ್ತು.

ಮ್ಯಾನೇಜರಿಗೆ ನಾಳೆಯದೇ ಚಿಂತೆ. ಅದು ಸುಳ್ಳು ಚಿಂತೆಯೂ ಅಲ್ಲ. ಛತ್ರದ ತುಂಬ ಉಪವಾಸದ ಜನ, ದ್ವಾದಶಿಯ ಪಾರಣೆ ಹೊತ್ತು ಮೀರುವಂತಿಲ್ಲ. "ಇದೊಂದು ಪಾರಣಿ ನಡಿಯಲಿ. ಸಣ್ಣ ಉರಿ ಹಚ್ಚೋಣ. ಆಮ್ಯಾಲೆ ರಿಪೇರಿ ನೋಡೋಣ. ಇಷ್ಟು ದಿನ ಏನಾಗಿಲ್ಲ, ಒಂದು ಹೊತ್ತಿಗೆ ಏನಾಗ್ತದ?" ಎಂದು ಮಾಮನ ಕಡೆ ತಿರುಗಿದರು.

ಮಾಮ ಎದ್ದು ಹೋಗಿ ತಮ್ಮ ಮಣೆಯನ್ನು ಎತ್ತಿಕೊಂಡರು. ಅದರ ಜಾಗದ ನೆಲ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು.

"ಹಚ್ಚರಿ. ಆದ್ರ ನಾ ಮಣಿ ಎತ್ತಿದೆ. ಇಲ್ಲಿ ನೀವು ನಿಮ್ಮ ಮಣಿ ಹಾಕ್ಕೊಂಡು ಕೂಡ್ರಿ."

ಮ್ಯಾನೇಜರು ಮತ್ತೆ ಆ ಮಾತೆತ್ತಲಿಲ್ಲ. ಹೈದರಾಬಾದಿನವನ ಹೆಸರೂ ಎತ್ತಲಿಲ್ಲ.

ಹಿತ್ತಿಲಿನಲ್ಲಿ ಹಳೆಯ ಕಾಲದ ಕೋಡೊಲೆಗಳ ಗುಂಡಿ ಇನ್ನೂ ಇತ್ತು. ಸಂಜೆಯೊಳಗೆ ಅದನ್ನು ಕೆದಕಿ, ಸಾರಿಸಿ, ಕಟ್ಟಿಗೆ ಒಟ್ಟಿದರು. ಬೆಳಕು ಹರಿಯುವ ಹೊತ್ತಿಗೆ ಅಗಸೆಸೊಪ್ಪಿನ ಪಲ್ಯ, ಹೆಸರುಬೇಳೆ ತೊವ್ವೆ, ನೆಲ್ಲಿಕಾಯಿ ತಂಬುಳಿ, ಅನ್ನ. ಹೊಗೆಗೆ ಎಲ್ಲರ ಕಣ್ಣೂ ಕೆಂಪು. ಮಾಮ ಕೈ ಸುಟ್ಟುಕೊಂಡಿದ್ದರು, ಅದಕ್ಕೆ ಬೆಣ್ಣೆ ಹಚ್ಚಿಕೊಂಡು ಬೈಯುತ್ತ ಓಡಾಡುತ್ತಿದ್ದರು. ಯಾರಿಗೆ ಬೈಯುತ್ತಿದ್ದರೋ, ನಾನಂತೂ ಎದುರಿಗೆ ಹೋಗಲಿಲ್ಲ. ಪಾರಣೆ ಹೊತ್ತಿಗೆ ಮುಂಚೆಯೇ ಮುಗಿಯಿತು. ಆ ಸಲದ ಆರಾಧನೆಯೂ ಕಟ್ಟಿಗೆಯ ಮೇಲೆಯೇ ನಡೆಯಿತು, ಸೌದೆ ಹೊತ್ತವರ ಬೆನ್ನು ಬಿದ್ದುಹೋಯಿತು. ಅನ್ನ ಕೆಲವು ಕಡೆ ತಳ ಹಿಡಿಯಿತು. ಯಾರೂ ಸಾಯಲಿಲ್ಲ.

ಹಳೆಯ ಬಾಯ್ಲರನ್ನು ಗುಜರಿಗೆ ಹಾಕಿ ಹೊಸದು ತರುವುದೆಂದಾಯಿತು. ಆದರೆ ಉಪ್ಪಿನ ತಕರಾರು ಹಾಗೇ ಇತ್ತು. ಅದಕ್ಕೆ ನಾನು ಒಂದು ದಾರಿ ಹೇಳಿದೆ. ಎರಡು ಪದರದ ಕೊಪ್ಪರಿಗೆ ಮಾಡಿಸುವುದು. ಆವಿ ಹೊರಪದರಕ್ಕೂ ಒಳಪದರಕ್ಕೂ ನಡುವೆ ಸುತ್ತಿ, ಕಾವು ಕೊಟ್ಟು, ನೀರಾಗಿ ಬಾಯ್ಲರಿಗೇ ವಾಪಸು ಹೋಗುತ್ತದೆ. ಅನ್ನವನ್ನು ಮುಟ್ಟುವುದೇ ಇಲ್ಲ. ಅದೇ ನೀರು ಮತ್ತೆ ಮತ್ತೆ ತಿರುಗುವುದರಿಂದ ಗಷ್ಟೂ ಕಡಿಮೆ. ಮಾಮ ಕೊಪ್ಪರಿಗೆಯ ಚಿತ್ರವನ್ನು ಹಿಂದು ಮುಂದು ಮಾಡಿ ನೋಡಿದರು.

"ಅನ್ನಾ ಮುಟ್ಟಂಗಿಲ್ಲ ಅಂದ್ರ ಉಪ್ಪಾದ್ರೇನು, ಸಕ್ಕರಿ ಆದ್ರೇನು. ಮೊದಲ ಯಾಕ ಹೇಳಲಿಲ್ಲ ಇದನ್ನ?"

ನೀವು ಕೇಳಲಿಲ್ಲ ಎನ್ನಬಹುದಿತ್ತು. ಚಿತ್ರ ಮಡಿಚಿ ಚೀಲಕ್ಕೆ ಹಾಕಿಕೊಂಡೆ.

ಅಂದಿನಿಂದ ನಾನು ಒಂದು ನೇಮ ಹಾಕಿಕೊಂಡೆ. ನೆಂಟರ ಬಾಯ್ಲರಿಗೆ ಸಹಿ ಹಾಕುವುದಿಲ್ಲ. ಸರ್ಕಾರ ಬಿಟ್ಟುಹೋದ ಜಾಗದಲ್ಲಿ ನಾವು ನಿಂತಿದ್ದೇವೆ, ಸರಿ. ಆದರೆ ನಮಗೆ ಮಾಮಂದಿರಿದ್ದಾರೆ, ಅವರ ಕೈಯ ಸಾರಿದೆ. ಮುಂದಿನ ವರ್ಷ ಮ್ಯಾನೇಜರು ಫೋನ್ ಮಾಡಿದಾಗ ಇದನ್ನೇ ಹೇಳಿದೆ. ಫೋನು ಮಾಮನ ಕೈಗೆ ಹೋಯಿತು.

"ಹಂಗಾದ್ರ ಸಾಹೇಬರನ್ನ ಕರಕೊಂಡು ಬಾ. ಅವರೂ ಈಗ ನಿನ್ನಂಗ ಪರವಾನಗಿ ತೊಗೊಂಡಾರಂತಲ್ಲ."

"ಮಾಮಾ, ಅವರು ಈಗ ಸರ್ಕಾರ ಅಲ್ಲ."

"ಗೊತ್ತದ. ಏಕಾದಶಿಗೆ ಬರಲಿಕ್ಕೆ ಹೇಳು."

ಏಕಾದಶಿಯ ದಿನ ಸಾಹೇಬರನ್ನು ಕರೆದುಕೊಂಡು ಹೋದೆ. ನಾವು ಹೋಗುವ ಹೊತ್ತಿಗೆ ಅಡಿಗೆಮನೆಯ ನೆಲ ಒದ್ದೆಯಾಗಿತ್ತು. ಆಗಲೇ ತೊಳೆದಿದ್ದರು. ಮಾಮ ಹೊಸ್ತಿಲಲ್ಲಿ ನಿಂತಿದ್ದರು.

ಸಾಹೇಬರು ತಾವಾಗಿಯೇ ಬೂಟು ಬಿಚ್ಚತೊಡಗಿದರು. ಮಾಮ ಸೊಂಟದಿಂದ ಒಂದು ಹೊಸ ಪಂಚೆ ತೆಗೆದು, ನನಗೆ ಹರಿದುಕೊಟ್ಟ ಹಾಗೆಯೇ ಉದ್ದುದ್ದ ಹರಿದು, ಅವರ ಕೈಗಿಟ್ಟರು.

"ಕಾಲಿಗೆ ಸುತ್ತಿಕೋರಿ. ಒಳಗ ಏನರೆ ಚುಚ್ಚೀತು. ಮಸಿ ಇತ್ತು, ಬರಿಗಾಲಲೆ ಬರ್ತೀರಿ ಅಂತ ಮುಂಜಾನೆನ ತೊಳಸೀನಿ."

ಸಾಹೇಬರು ಆ ಬಟ್ಟೆಯನ್ನು ನೋಡಿದರು, ಮಾಮನನ್ನು ನೋಡಿದರು. ಕೂತು ನಿಧಾನವಾಗಿ ಕಾಲಿಗೆ ಸುತ್ತಿಕೊಂಡು, ಹೊಸ್ತಿಲು ದಾಟಿ ಒಳಗೆ ಹೋದರು. ಮಧ್ಯಾಹ್ನದವರೆಗೂ ಒಳಗಿದ್ದರು. ಆಳುಬಾಯಿ, ಕೊಳವೆ, ಒಲೆ, ನೀರಿನ ಬಣ್ಣ, ಎಲ್ಲ ನೋಡಿದರು. ನೀರು ನೀಲಿ ಬಂತು. ಸಹಿ ಹಾಕಿದರು. ಮಾಮ ಫಲಾಹಾರದ ಅವಲಕ್ಕಿ ಕಟ್ಟಿಸಿ ಕೊಟ್ಟರು.

ಅವರನ್ನು ಬಸ್ಸು ಹತ್ತಿಸಿ, ನನ್ನ ಚೀಲ ಮರೆತ ನೆಪ ಮಾಡಿ ವಾಪಸು ಹೋದೆ. ನನಗೆ ನೋಡಬೇಕಿತ್ತು, ಅದಕ್ಕೇ ಹೋದೆ. ಅಡಿಗೆಮನೆಯಲ್ಲಿ ಮಾಮ ಒಬ್ಬರೇ ಇದ್ದರು. ಮಣೆಯನ್ನು ಹಳೆಯ ಜಾಗದಲ್ಲೇ ಹಾಕಿಕೊಂಡು, ನಾಳೆಯ ಪಾರಣೆಗೆ ಅಗಸೆಸೊಪ್ಪು ಬಿಡಿಸುತ್ತಿದ್ದರು. ನೆಲದ ಮೇಲೆ ಸಾಹೇಬರ ಹೆಜ್ಜೆಯ ಮಸಿ ಹೊಸ್ತಿಲಿನವರೆಗೂ ಹಾಗೇ ಇತ್ತು. ಬಕೆಟ್ಟು ಬಾವಿಕಟ್ಟೆಯ ಮೇಲೆ ಬೋರಲು ಬಿದ್ದಿತ್ತು, ಒಣಗಿತ್ತು.